ಆಟಿ ಕಳೆದ ಮೇಲೆ ಸೇರಬೇಕಿದ್ದ ಕೆಲಸ

ಮೊನ್ನೆ ಕಾರ್ಕಳದಲ್ಲಿ ಶಿಕ್ಷಕರ ತರಬೇತಿ ಮುಗಿಸಿ ಬಸ್ಸು ಹತ್ತುವಾಗ ಮಳೆ ಶುರುವಾಯಿತು. ನಮ್ಮ ಕಡೆಯ ಹಳೆಯ ಖಾಸಗಿ ಬಸ್ಸುಗಳಿಗೆ ಕಿಟಕಿಯ ಗಾಜು ಇರುವುದಿಲ್ಲ. ಮಳೆ ಬಂತೆಂದರೆ ಮೇಲೆ ಸುತ್ತಿಟ್ಟ ಟರ್ಪಾಲನ್ನು ಕೆಳಗೆ ಬಿಟ್ಟು ಅದರ ಹಗ್ಗವನ್ನು ಸರಳಿಗೆ ಕಟ್ಟಬೇಕು. ಬಿಟ್ಟ ಕೂಡಲೇ ಬಸ್ಸಿನೊಳಗೆ ಅರೆಗತ್ತಲೆ, ಜೊತೆಗೆ ಒಂದು ವಾಸನೆ. ಒದ್ದೆ ಟರ್ಪಾಲು, ಡೀಸೆಲ್, ನೀರಿಳಿಯುವ ಛತ್ರಿಗಳು, ಯಾರದೋ ಮುಡಿಯಲ್ಲಿ ಬಾಡಿದ ಮಲ್ಲಿಗೆ, ಎಲ್ಲ ಸೇರಿದ್ದು. ಉಳಿದವರಿಗೆ ಅದು ಬಸ್ಸಿನ ವಾಸನೆ. ನನಗೆ ಅಪ್ಪನ ಖಾಕಿ ಅಂಗಿಯ ವಾಸನೆ. ಇದೇ ಕಾಪು–ಉಡುಪಿ–ಮಣಿಪಾಲ–ಕಾರ್ಕಳ ಲೈನಿನಲ್ಲಿ ಅಪ್ಪ ಇಪ್ಪತ್ತಾರು ವರ್ಷ ಕಂಡಕ್ಟರ್ ಆಗಿದ್ದರು. ಅವರು ತೀರಿಕೊಂಡು ಎಂಟು ತಿಂಗಳಾಯಿತು. ಬಸ್ಸಿನಲ್ಲಿ ಅಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಹಾಗಾಗಿ ಟರ್ಪಾಲಿನ ಸಂದಿನಿಂದ ಹೊರಗೆ ನೋಡುತ್ತಾ ಕುಳಿತೆ. ಹಿರಿಯಡ್ಕ ಬಂತು, ಪರ್ಕಳ ಬಂತು, ಮಣಿಪಾಲ ಬಂತು. ಎರಡು ಸಾವಿರದ ಎರಡನೇ ಇಸವಿಯ ಮಳೆಗಾಲವೂ ಬಂತು. ಅದು ಬರುವುದು ಬೇಡವಾಗಿತ್ತು.

ಅದರ ಹಿಂದಿನ ವರ್ಷ ನಾನು ಕಾರ್ಕಳದ ಹತ್ತಿರದ ಕಾಲೇಜಿನಲ್ಲಿ ಕಂಪ್ಯೂಟರ್ ಇಂಜಿನಿಯರಿಂಗ್ ಮುಗಿಸಿದ್ದೆ. ಸೀಟು ಸಿಕ್ಕಿದ ದಿನ ಅಪ್ಪ ಇಡೀ ಬಸ್ಸಿಗೆ ಪೇಡ ಹಂಚಿದ್ದರಂತೆ. ಒಂದು ಟ್ರಿಪ್ಪಿಗಲ್ಲ, ಆ ದಿನದ ಎಲ್ಲ ಟ್ರಿಪ್ಪುಗಳಿಗೆ. ಅಲ್ಲಿಂದ ನಾನು ಶೀನಣ್ಣನ ಮಗಳು ಸುಜಾತ ಅಲ್ಲ, ಲೈನಿನ ಮಗಳು. ಯಾವ ಸೆಮಿಸ್ಟರಿನಲ್ಲಿ ಎಷ್ಟು ಮಾರ್ಕು, ಯಾವ ವಿಷಯ ಕಷ್ಟ, ಎಲ್ಲವೂ ಕಟಪಾಡಿಯಿಂದ ಬೈಲೂರಿನವರೆಗೆ ಗೊತ್ತು. ಕೊನೆಯ ವರ್ಷ ಒಂದು ಬೆಂಗಳೂರಿನ ಕಂಪನಿ ಕಾಲೇಜಿಗೇ ಬಂದು ನಮ್ಮಲ್ಲಿ ಹದಿನಾಲ್ಕು ಜನರನ್ನು ಆರಿಸಿಕೊಂಡಿತು. ಅಪ್ಪ ಮತ್ತೆ ಪೇಡ ಹಂಚಿದರು. ಮೂರು ತಿಂಗಳಲ್ಲಿ ಕಾಗದ ಬಂತು, ಮಾರುಕಟ್ಟೆಯ ಪರಿಸ್ಥಿತಿಯಿಂದಾಗಿ ಈ ಆಹ್ವಾನವನ್ನು ಹಿಂದೆಗೆದುಕೊಂಡಿದ್ದೇವೆ ಎಂದು. ಅಮೆರಿಕದಲ್ಲಿ ಎಲ್ಲೋ ಕಂಪನಿಗಳು ಒಂದರ ಮೇಲೊಂದು ಮುಚ್ಚುತ್ತಿದ್ದವಂತೆ. ಅದರ ಬಿಸಿ ಕಾಪುವಿನ ಬೀಡಿ ಕಟ್ಟುವ ಮನೆಗೆ ತಟ್ಟುತ್ತದೆ ಎಂದು ಯಾರಿಗೆ ಗೊತ್ತಿತ್ತು!

ಆಮೇಲೆ ಒಂದು ವರ್ಷ ನಾನು ಮಾಡಿದ್ದು ಎರಡೇ ಕೆಲಸ. ಅಮ್ಮನ ಜೊತೆ ಕೂತು ಬೀಡಿ ಕಟ್ಟುವುದು, ಫೈಲು ಹಿಡಿದುಕೊಂಡು ಇಂಟರ್‌ವ್ಯೂಗೆ ಹೋಗುವುದು. ಬೀಡಿಸೊಪ್ಪಿನ ಮತ್ತು ಹೊಗೆಸೊಪ್ಪಿನ ವಾಸನೆ ಬೆರಳಿಗೆ ಹತ್ತಿದರೆ ಸುಲಭದಲ್ಲಿ ಬಿಡುವುದಿಲ್ಲ. ಇಂಟರ್‌ವ್ಯೂನ ಹಿಂದಿನ ಸಂಜೆ ಲಿಂಬೆಹಣ್ಣಿನ ಸಿಪ್ಪೆ ತಿಕ್ಕಿ, ಮತ್ತೆ ಸಾಬೂನು ಹಾಕಿ, ಮೂಸಿ ನೋಡಿ, ಮತ್ತೆ ತಿಕ್ಕುತ್ತಿದ್ದೆ. ಕೈ ಕುಲುಕಲು ಯಾರೂ ಕೈ ಚಾಚಲಿಲ್ಲ, ಅದು ಬೇರೆ ಮಾತು. ಉಡುಪಿಯ ಒಂದು ಹೋಟೆಲಿನ ಮೆಟ್ಟಿಲ ಮೇಲೆ ನಾನೂರು ಜನರ ಹಿಂದೆ ನಿಂತು ಮಧ್ಯಾಹ್ನ ಎರಡಕ್ಕೆ ಬಾಗಿಲು ತಲುಪಿದರೆ, ಅನುಭವ ಇಲ್ಲದವರು ಬೇಡ ಎಂದು ಬೋರ್ಡು ಹಾಕಿದರು. ಅನುಭವವನ್ನು ಅಮ್ಮನ ಹೊಟ್ಟೆಯಿಂದಲೇ ತರಲಿಕ್ಕೆ ಆಗುತ್ತದಾ? ಮಂಗಳೂರಿನಲ್ಲಿ ಒಬ್ಬರು ಲೆಕ್ಕದ ಪರೀಕ್ಷೆಯಲ್ಲಿ ಪಾಸು ಮಾಡಿ, ಆಮೇಲೆ 'ನಿಮ್ಮ ಬಗ್ಗೆ ಹೇಳಿ' ಎಂದರು. ಇಂಗ್ಲಿಷಿನಲ್ಲಿ ನನ್ನ ಬಗ್ಗೆ ಹೇಳುವಷ್ಟು ನನಗೆ ನಾನೇ ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ಮೂರು ಸಲ ಆಯಿತು. ಎಲ್ಲರೂ ಕೊನೆಗೆ ಒಂದೇ ಮಾತು ಹೇಳುತ್ತಿದ್ದರು, ತಿಳಿಸುತ್ತೇವೆ. ನಗುತ್ತಾ ಹೇಳುತ್ತಿದ್ದರು. ಆ ನಗುವಿನ ಮೇಲೆ ನನಗೆ ಈಗಲೂ ಸಿಟ್ಟು ಉಂಟು. ಬೇಡ ಎಂದರೆ ಬೇಡ ಎಂದು ಹೇಳಬೇಕು. ಮೀನು ಮಾರುವವಳು ಹೇಳುವುದಿಲ್ಲವಾ, ಇವತ್ತು ಬಂಗುಡೆ ಇಲ್ಲ ಎಂದು?

ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಅರ್ಜಿಯಲ್ಲಿ ಹಾಕುತ್ತಿದ್ದದ್ದು ಲಿಲ್ಲಿ ಬಾಯಮ್ಮನ ಅಂಗಡಿಯ ನಂಬರು. ಪಕ್ಕದಲ್ಲಿ ಪಿ.ಪಿ. ಎಂದು ಬರೆಯಬೇಕು. ನೆರೆಯವರ ಫೋನು, ಅವರು ಕರೆದು ಕೊಡುತ್ತಾರೆ ಎಂದು ಅರ್ಥ. ಆಗ ಅರ್ಧ ಊರಿನ ನಂಬರು ಹಾಗೆಯೇ ಇರುತ್ತಿತ್ತು. ಬಾಯಮ್ಮನ ಗಂಡ ಗಲ್ಫಿನಲ್ಲಿದ್ದರು. ಇವರು ರಸ್ತೆಬದಿ ಸಣ್ಣ ದಿನಸಿ ಅಂಗಡಿ, ಮೂಲೆಯಲ್ಲಿ ಎಸ್‌ಟಿಡಿ ಬೂತು, ಹಿಂದೆ ಹತ್ತಿಪ್ಪತ್ತು ಮಲ್ಲಿಗೆ ಗಿಡ ಇಟ್ಟುಕೊಂಡು, ಹಗಲಿಡೀ ಕೌಂಟರಿನಲ್ಲಿ ಹೂ ಕಟ್ಟುತ್ತಾ ಕೂತಿರುತ್ತಿದ್ದರು. ದಿನಕ್ಕೆ ಎರಡು ಸಲ ನಾನು ಹೋಗಿ ನಿಲ್ಲುತ್ತಿದ್ದೆ. ಬಾಯಿ ತೆರೆಯುವ ಮೊದಲೇ ಅವರು ತಲೆ ಅಲ್ಲಾಡಿಸುತ್ತಿದ್ದರು. 'ಬರ್ತದೆ ಸುಜಾ. ಬಂದ್ರೆ ನಾನು ಓಡಿಕೊಂಡು ಬಂದು ಹೇಳ್ತೇನೆ. ಅಂಗಡಿ ಹಾಗೇ ಬಿಟ್ಟು ಬರ್ತೇನೆ' ಎನ್ನುತ್ತಿದ್ದರು.

ನನಗಿಂತ ಕಷ್ಟ ಅಪ್ಪನದು. ನಾನಾದರೆ ಮನೆಯ ಹಿಂದಿನ ಗದ್ದೆಯ ಹುಣಿಯಲ್ಲಿ, ಆ ಸಣ್ಣ ಬದುವಿನ ಮೇಲೆ, ತಲೆ ತಗ್ಗಿಸಿ ಹೋಗಬಹುದು. ಅವರು ಬೆಳಗ್ಗೆ ಆರೂವರೆಯ ಮೊದಲ ಟ್ರಿಪ್ಪಿನಿಂದ ಸಂಜೆಯವರೆಗೆ ಜನರ ಮಧ್ಯೆಯೇ ನಿಲ್ಲಬೇಕು. ಬ್ಯಾಂಕಿನವರು, ಬೀಡಿ ಕೊಡಲು ಹೋಗುವವರು, ಆಸ್ಪತ್ರೆಯ ನರ್ಸುಗಳು, ಎಲ್ಲರೂ ಟಿಕೆಟಿನ ಜೊತೆ ಒಂದು ಪ್ರಶ್ನೆ ಕೇಳುತ್ತಿದ್ದರು. 'ಶೀನಣ್ಣ, ಮಗಳಿಗೆ ಎಂತ ಆಯ್ತು?' ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಮ್ಮಲ್ಲಿ ಕೇಳದಿದ್ದರೆ ಅಹಂಕಾರ ಎನ್ನುತ್ತಾರೆ. ಪೇಡ ತಿಂದವರಿಗೆ ಕೇಳುವ ಹಕ್ಕೂ ಇತ್ತು. 'ಆಗ್ತದೆ, ನೋಡ್ಬೇಕು' ಎಂದು ಅಪ್ಪ ಹೇಳುತ್ತಿದ್ದರು. ಕ್ರಮೇಣ ಅದೂ ಕಡಿಮೆಯಾಗಿ, ಸುಮ್ಮನೆ ವಿಸಿಲ್ ಊದುತ್ತಿದ್ದರಂತೆ. ಮೊದಲು ಮನೆಗೆ ಬಂದವರೇ ಬಸ್ಸಿನ ಕಥೆ ಹೇಳುತ್ತಿದ್ದವರು, ಆ ವರ್ಷ ಚಾ ಕುಡಿದು ಅಂಗಳದ ಬದಿಯಲ್ಲಿ ಕೂತುಬಿಡುತ್ತಿದ್ದರು.

ಜೂನ್ ಕೊನೆಗೆ ಮಣಿಪಾಲದಲ್ಲಿ ಒಂದು ಸಣ್ಣ ಕಂಪನಿ ಕರೆಯಿತು. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವವರು, ಒಂದೇ ಒಂದು ಹುದ್ದೆ. ನನ್ನದು ಹನ್ನೆರಡನೆಯ ಇಂಟರ್‌ವ್ಯೂ. ಅಪ್ಪನಿಗೆ ಮಾತ್ರ ಮತ್ತೆ ಜೀವ ಬಂದಿತ್ತು. 'ನಮ್ಮ ಲೈನಿನಲ್ಲೇ ಉಂಟಲ್ಲ ಮಗಳೇ. ಬೆಳಿಗ್ಗೆ ನನ್ನ ಬಸ್ಸಲ್ಲೇ ಹೋಗುವುದು, ಸಂಜೆ ನನ್ನ ಬಸ್ಸಲ್ಲೇ ಬರುವುದು. ಆಫೀಸಿನ ಎದುರೇ ನಿಲ್ಲಿಸ್ತೇನೆ, ಸ್ಟಾಪ್ ಇಲ್ಲದಿದ್ರೂ' ಎಂದರು. ಡ್ರೈವರನ ಹತ್ತಿರ ಮಾತಾಡಿಯೂ ಆಗಿತ್ತಂತೆ.

ಮೇಜಿನ ಆಚೆ ಮೂವರು ಗಂಡಸರು, ಒಬ್ಬ ಹೆಂಗಸು. ಬರೆಯುವ ಪರೀಕ್ಷೆ ಮುಗಿದಿತ್ತು. ಅವರಲ್ಲಿ ಹಿರಿಯರು ಲಿಂಕ್ಡ್ ಲಿಸ್ಟ್ ಎಂದರೇನು ಎಂದು ಕೇಳಿದರು. ಕಂಪ್ಯೂಟರಿನೊಳಗೆ ಮಾಹಿತಿಯನ್ನು ಒಂದರ ಬಾಲಕ್ಕೆ ಒಂದು ಕಟ್ಟಿಡುವ ಕ್ರಮ ಅದು. ನಾನು ಪುಸ್ತಕದ ಉತ್ತರ ಶುರು ಮಾಡಿದೆ. 'ಬಾಯಿಪಾಠ ಬೇಡ, ನಿಮ್ಮದೇ ಉದಾಹರಣೆ ಕೊಡಿ' ಎಂದರು. ಕಿಟಕಿಯ ಹೊರಗೆ ಒಂದು ಬಸ್ಸು ಹಾರ್ನ್ ಹಾಕಿತು. ನನ್ನ ಬಾಯಿಗೆ ಅದೇ ಬಂತು.

'ಬಸ್ಸಿನ ಸ್ಟಾಪುಗಳ ಹಾಗೆ ಸಾರ್. ಕಾಪುವಿಗೆ ಅದರ ಮುಂದೆ ಕಟಪಾಡಿ ಎಂದು ಮಾತ್ರ ಗೊತ್ತು, ಕಾರ್ಕಳ ಎಲ್ಲಿ ಎಂದು ಗೊತ್ತಿಲ್ಲ. ಕಟಪಾಡಿಗೆ ಅದರ ಮುಂದಿನದ್ದು ಗೊತ್ತು. ನಡುವೆ ಒಂದು ಹೊಸ ಸ್ಟಾಪು ಬೇಕಾದರೆ ಇಡೀ ದಾರಿಗೆ ಹೇಳಬೇಕೆಂದಿಲ್ಲ. ಹಿಂದಿನ ಸ್ಟಾಪಿಗೆ ಮತ್ತು ಹೊಸದಕ್ಕೆ ಹೇಳಿದರೆ ಸಾಕು.'

'ಕೊನೆಯ ಸ್ಟಾಪಿಗೆ?'

'ಕಾರ್ಕಳದ ಮುಂದೆ ಏನೂ ಇಲ್ಲ ಸಾರ್.'

'ಬಸ್ಸು ಅಲ್ಲಿಂದ ತಿರುಗಿ ಬರ್ತದಲ್ಲ?'

'ಬರಬೇಕಾದರೆ ಪ್ರತಿ ಸ್ಟಾಪಿಗೂ ಹಿಂದಿನದ್ದೂ ನೆನಪಿರಬೇಕು. ಅದು ಬೇರೆ ಲಿಸ್ಟು. ನನ್ನ ಅಪ್ಪ ಕಂಡಕ್ಟರ್ ಸಾರ್, ಅವರಿಗೆ ಎರಡೂ ಕಡೆಯದ್ದು ಗೊತ್ತುಂಟು.'

ನಾಲ್ವರೂ ನಕ್ಕರು. ಗಟ್ಟಿಯಾಗಿಯೇ ನಕ್ಕರು. ಹಿರಿಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಆ ಹೆಂಗಸು ಅದೇ ಮಾತು ಹೇಳಿದರು, ಫೋನ್ ಮಾಡಿ ತಿಳಿಸುತ್ತೇವೆ. ನಾನು ಫೈಲು ಮುಚ್ಚಿ ಎದ್ದೆ. ಮೆಟ್ಟಿಲಿಳಿಯುವಾಗ ಕಿವಿ ಬಿಸಿಯಾಗಿತ್ತು. ಇಷ್ಟು ದಿನ ನನ್ನನ್ನು ಮಾತ್ರ ಬೇಡ ಎನ್ನುತ್ತಿದ್ದರು, ಇವತ್ತು ಅಪ್ಪನನ್ನೂ ಎಳೆದು ತಂದು ಅವರ ಎದುರು ನಗೆಪಾಟಲು ಮಾಡಿದೆನಲ್ಲ ಎಂದು ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ನಾಲ್ಕು ಗಂಟೆಗೆ ಮಣಿಪಾಲದ ಟೈಗರ್ ಸರ್ಕಲಿನಲ್ಲಿ ಅಪ್ಪನ ಬಸ್ಸು ಸಿಕ್ಕಿತು, ಕಾರ್ಕಳದಿಂದ ಕಾಪುವಿಗೆ ಮರಳುವ ಟ್ರಿಪ್ಪು. ಟರ್ಪಾಲು ಕೆಳಗೆ ಬಿಟ್ಟಿತ್ತು. ಅಪ್ಪ ನನ್ನ ಮುಖ ಒಂದು ಸಲ ನೋಡಿದರು. ಏನೂ ಕೇಳದೆ ಡ್ರೈವರನ ಹಿಂದಿನ ಸೀಟಿನಲ್ಲಿ ಜಾಗ ಮಾಡಿಸಿದರು. ಬಸ್ಸು ತುಂಬಿತ್ತು. ಕಟಪಾಡಿಯ ಒಬ್ಬರು ನಿವೃತ್ತ ಮಾಷ್ಟ್ರು ಯಾವಾಗಲೂ ಆ ಟ್ರಿಪ್ಪಿನಲ್ಲಿ ಇರುತ್ತಿದ್ದರು. ಕಿವಿ ಸ್ವಲ್ಪ ಮಂದ, ಹಾಗಾಗಿ ಮಾತು ಜೋರು.

'ಎಂತ ಶೀನಣ್ಣ, ಇವತ್ತಾದ್ರೂ ಆಯ್ತಾ ಮಗಳಿಗೆ? ಇಷ್ಟು ಕಲಿಸಿ ಕೊನೆಗೆ ಬೀಡಿ ಕಟ್ಟುವ ಹಾಗೆ ಆಯ್ತಲ್ಲ ಮಾರಾಯ, ಪಾಪ.'

ಇಡೀ ಬಸ್ಸು ನನ್ನ ಕಡೆ ತಿರುಗಿತು. ಅಪ್ಪ ಟಿಕೆಟು ಹರಿಯುತ್ತಿದ್ದವರು ಕೈ ನಿಲ್ಲಿಸಿದರು.

'ಆಯ್ತು ಮಾಷ್ಟ್ರೇ' ಎಂದರು.

'ಹಾಂ?'

'ಆಯ್ತು ಅಂದೆ. ಕೆಲಸ ಆಯ್ತು. ಬೆಂಗಳೂರಿನಲ್ಲಿ.'

'ಹೌದಾ! ಯಾವಾಗ ಹೋಗ್ಲಿಕ್ಕೆ?'

'ಇನ್ನೇನು ಆಟಿ ಬಂತಲ್ಲ' ಎಂದರು ಅಪ್ಪ. 'ಆಟಿ ಕಳೆದ ಮೇಲೆ.'

ಆಟಿ ಎಂದರೆ ತುಳುವರ ಆಷಾಢ. ಸುರಿವ ಮಳೆಯ ಆ ಒಂದು ತಿಂಗಳು ನಮ್ಮಲ್ಲಿ ಯಾರೂ ಹೊಸತು ಶುರು ಮಾಡುವುದಿಲ್ಲ. ಮದುವೆ ಇಲ್ಲ, ಮನೆಯೊಕ್ಕಲು ಇಲ್ಲ, ಹೊಸ ಕೆಲಸಕ್ಕೆ ಹೊರಡುವುದಂತೂ ಇಲ್ಲವೇ ಇಲ್ಲ. ಹಾಗಾಗಿ ಯಾರೂ ಮುಂದಕ್ಕೆ ಕೇಳಲಿಲ್ಲ, ಅನುಮಾನಪಡಲಿಲ್ಲ. ಮಾಷ್ಟ್ರು ಎದ್ದು ಬಂದು ನನ್ನ ತಲೆ ಮುಟ್ಟಿದರು. ಹಿಂದಿನ ಸೀಟಿನ ನರ್ಸು ನನ್ನ ಕೈ ಹಿಡಿದುಕೊಂಡಳು. ನಾನು ಆಗಲೇ ಎದ್ದು ಇಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತು. ಒಂದು ವರ್ಷದಲ್ಲಿ ಮೊದಲ ಬಾರಿ ಆ ಬಸ್ಸಿನಲ್ಲಿ ತಲೆಯೆತ್ತಿ ಕೂತಿದ್ದೆ, ಸುಳ್ಳಿನ ಮೇಲೆ.

ಮನೆಯಲ್ಲಿ ಕಾಲು ತೊಳೆಯುವ ಕಲ್ಲಿನ ಹತ್ತಿರ ಅಪ್ಪನನ್ನು ಹಿಡಿದು ಕೇಳಿದೆ. 'ಯಾಕಪ್ಪ ಹಾಗೆ ಹೇಳಿದ್ದು?'

'ಬಾಯಿಗೆ ಬಂತು' ಎಂದರು. ಪಾದದ ಕೆಸರು ಹೋಗಿದ್ದರೂ ನೀರು ಹೊಯ್ಯುತ್ತಲೇ ಇದ್ದರು. 'ಇನ್ನು ಆಟಿ ಮುಗಿಯುವವರೆಗೆ ಯಾರೂ ಕೇಳ್ಲಿಕ್ಕಿಲ್ಲ. ಅಷ್ಟರಲ್ಲಿ ಸಿಕ್ತದೆ.'

'ಸಿಗದಿದ್ರೆ?'

'ಸಿಕ್ತದೆ ಮಗಳೇ. ನೀನೆಂತ ದಡ್ಡಿಯಾ?'

ಸುದ್ದಿ ಬಸ್ಸಿಗಿಂತ ಮೊದಲೇ ಕಾಪು ತಲುಪಿತ್ತು. ಕತ್ತಲಾಗುವ ಮೊದಲೇ ಲಿಲ್ಲಿ ಬಾಯಮ್ಮ ಛತ್ರಿ ಹಿಡಿದು ಬಂದರು. ಮಳೆಗಾಲದಲ್ಲಿ ಮಲ್ಲಿಗೆ ಆಗುವುದೇ ಕಡಿಮೆ, ಆದದ್ದೂ ಕೊಳೆಯುತ್ತದೆ. ಇದ್ದ ನಾಲ್ಕು ಮೊಗ್ಗನ್ನೆಲ್ಲ ಸೇರಿಸಿ ಗಿಡ್ಡ ಮಾಲೆ ಕಟ್ಟಿ ತಂದು ತಾವೇ ನನ್ನ ಮುಡಿಗಿಟ್ಟರು. 'ನಾನು ಪ್ರತಿ ಆದಿತ್ಯವಾರ ಇಗರ್ಜಿಯಲ್ಲಿ ನಿನಗಾಗಿ ಬೇಡಿದ್ದು ಗೊತ್ತುಂಟಾ' ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಆಗ ಹೇಳಬೇಕಿತ್ತು. ಬೇರೆ ಯಾರಿಗೆ ಹೇಳದಿದ್ದರೂ ಫೋನಿನ ಹತ್ತಿರ ಕೂರುವ ಈ ಒಬ್ಬರಿಗೆ ಹೇಳಬೇಕಿತ್ತು. ಬಾಯಮ್ಮನಿಗೆ ಹೇಳುವುದೂ ಒಂದೇ, ಪೇಟೆಯಲ್ಲಿ ಡಂಗುರ ಹೊಡೆಸುವುದೂ ಒಂದೇ ಎಂಬ ಹೆದರಿಕೆ ನನ್ನದು. ನಾಳೆ ಹೇಳಿದರಾಯಿತು ಎಂದುಕೊಂಡೆ. ಅವರು ಹೋದ ಮೇಲೆ ಅಮ್ಮ ಬೀಡಿಯ ಮೊರದಿಂದ ತಲೆಯೆತ್ತಿ, 'ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು' ಎಂದಳು. ಮತ್ತೆ ಬೀಡಿ ಸುತ್ತತೊಡಗಿದಳು.

ಆ ನಾಳೆ ಬರಲಿಲ್ಲ. ಮಳೆ ಬಿಡದೆ ಹೊಯ್ಯಿತು. ಮನೆ ಹಿಂದಿನ ಗದ್ದೆ ತುಂಬಿ ಹುಣಿ ಮುಳುಗಿತು. ದಿನಕ್ಕೆರಡು ಸಲ ಬಾಯಮ್ಮನ ಅಂಗಡಿಗೆ ಹೋಗಿ ಫೋನ್ ಬಂತಾ ಎಂದು ನಿಲ್ಲುತ್ತಿದ್ದ ನಾನು ಅತ್ತ ಹೋಗುವುದನ್ನೇ ಬಿಟ್ಟೆ. ಕೆಲಸ ಆದವಳು ಫೋನ್ ಕೇಳಲಿಕ್ಕೆ ಯಾಕೆ ಹೋಗಬೇಕು? ಮಣಿಪಾಲದ್ದಂತೂ ಮುಗಿದ ಕಥೆ ಎಂದು ನನಗೆ ಖಾತ್ರಿಯಿತ್ತು. ಅಪ್ಪ ಮತ್ತೆ ಬಸ್ಸಿನ ಕಥೆ ಹೇಳತೊಡಗಿದರು, ಯಾರು ಕೊಡೆ ಮರೆತರು, ಯಾರು ಕೋಳಿ ತಂದರು. ಅವರ ಸ್ವರ ಹಳೆಯದಾದದ್ದು ಕಂಡು, ಈ ಸುಳ್ಳು ಎಷ್ಟು ದಿನ ನಿಂತರೂ ನಿಲ್ಲಲಿ ಎನಿಸುತ್ತಿತ್ತು.

ಆಟಿಯ ಮೊದಲ ಭಾನುವಾರ ಅಮ್ಮ ಸಕ್ಕರೆಗೆ ಕಳಿಸಿದಳು. ಬಾಯಮ್ಮ ಇಗರ್ಜಿಯ ಪೂಜೆ ಮುಗಿಸಿ ಆಗಷ್ಟೇ ಅಂಗಡಿ ತೆರೆದಿದ್ದರು. ಸಕ್ಕರೆ ಕಟ್ಟುತ್ತಾ ಹೇಳಿದರು.

'ಸುಜಾ, ಒಂದು ಹೇಳ್ಲಿಕ್ಕೆ ಮರ್ತೇ ಹೋಯ್ತು ಮಾರಾಯ್ತಿ. ಹೋದ ಸೋಮವಾರ ನಿನಗೆ ಮಣಿಪಾಲದಿಂದ ಫೋನ್ ಬಂದಿತ್ತು. ಒಬ್ಬರು ಹೆಂಗಸು. ಸುಜಾತ ಅವರನ್ನು ಆರಿಸಿದ್ದೇವೆ, ಗುರುವಾರದ ಒಳಗೆ ಬಂದು ಸೇರ್ಲಿಕ್ಕೆ ಹೇಳಿ ಅಂತ. ನಾನು ಬಿಡ್ತೇನಾ? ಅವಳಿಗೆ ಬೆಂಗಳೂರಿನಲ್ಲಿ ನಿಮ್ಮದಕ್ಕಿಂತ ದೊಡ್ಡ ಕೆಲಸ ಆಗಿಯಾಯ್ತು, ಆಟಿ ಕಳೆದ ಕೂಡಲೇ ಹೋಗ್ತಾಳೆ, ನಿಮ್ಮದು ಬೇಡ ಅಂದೆ. ಇಷ್ಟು ದಿನ ಹುಡುಗಿಯನ್ನು ಸತಾಯಿಸಿದ್ದಕ್ಕೆ ಅವರಿಗೆ ಹಾಗೇ ಆಗ್ಬೇಕು.'

ಸಕ್ಕರೆಯ ಪೊಟ್ಟಣ ಹಿಡಿದು ಮನೆಗೆ ಬಂದದ್ದು ನನಗೆ ನೆನಪಿಲ್ಲ. ಬಂದಿರಬೇಕು, ಯಾಕೆಂದರೆ ಅಮ್ಮ ಚಾ ಮಾಡಿದಳು.

ಮಾರನೆ ದಿನ ಅಪ್ಪನ ಬಸ್ಸು ಹೋಗಿ ಅರ್ಧ ಗಂಟೆ ಬಿಟ್ಟು ಬೇರೆ ಬಸ್ಸು ಹತ್ತಿ ಮಣಿಪಾಲಕ್ಕೆ ಹೋದೆ. ಅವತ್ತಿನ ಆ ಹೆಂಗಸೇ ಸಿಕ್ಕಿದರು. ಗುರುತು ಹಿಡಿದರು.

'ಬಸ್ಸಿನ ಉದಾಹರಣೆ ಕೊಟ್ಟವರಲ್ವಾ ನೀವು? ನಮ್ಮ ಸಾರಿಗೆ ಎಷ್ಟು ಖುಷಿಯಾಗಿತ್ತು ಗೊತ್ತುಂಟಾ. ಬೆಂಗಳೂರಿಗೆ ಯಾವಾಗ ಹೊರಡುವುದು?'

'ಇಲ್ಲ ಮೇಡಂ. ಬೆಂಗಳೂರಿನಲ್ಲಿ ಎಂತದೂ ಇಲ್ಲ.'

'ಮತ್ತೆ ನಿಮ್ಮ ಮನೆಯವರೇ ಹೇಳಿದರಲ್ಲ?'

'ಅವರು ಮನೆಯವರಲ್ಲ, ಪಕ್ಕದ ಅಂಗಡಿಯವರು.'

'ಅಂಗಡಿಯವರಿಗೆ ಸುಳ್ಳು ಹೇಳಿ ಎಂತ ಆಗ್ಬೇಕು?'

ನನ್ನಲ್ಲಿ ಉತ್ತರ ಇತ್ತು. ನನ್ನ ಅಪ್ಪ ಸುಳ್ಳು ಹೇಳಿದರು, ನಾನು ಬಾಯಿ ಮುಚ್ಚಿಕೊಂಡಿದ್ದೆ ಎನ್ನಬೇಕಿತ್ತು. ಅದನ್ನು ಆ ಆಫೀಸಿನಲ್ಲಿ ನಿಂತು ಹೇಳಲಿಕ್ಕೆ ನನಗೆ ನಾಲಿಗೆ ಬರಲಿಲ್ಲ. ಅವರು ಕೆಟ್ಟವರಲ್ಲ, ಕುರ್ಚಿ ಕೊಟ್ಟರು, ನೀರು ಕೊಟ್ಟರು. 'ಇದ್ದದ್ದೇ ಒಂದು ಹುದ್ದೆ. ಎರಡನೆಯವರನ್ನು ಕರೆದೆವು, ಶುಕ್ರವಾರ ಸೇರಿಯಾಯ್ತು' ಎಂದರು. ಒಳಗಿನ ಕೋಣೆಯಲ್ಲಿ ಯಾರೋ ಹುಡುಗಿ ಕೀಬೋರ್ಡು ಕುಟ್ಟುವುದು ಕೇಳುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನನ್ನದು ಬಾಯಿಗೆ ಬಂದಿತ್ತು, ನಾವೇ ಉಗುಳಿದ್ದೆವು.

ಸರ್ಕಲಿಗೆ ಬಂದು ನಿಂತಾಗ ಪರ್ಕಳದ ಕಡೆಯಿಂದ ಅಪ್ಪನ ಬಸ್ಸು ಬರುವುದು ಕಂಡಿತು. ಒಂದು ಹಣ್ಣಿನ ಅಂಗಡಿಯ ಹಿಂದೆ ಸರಿದು ನಿಂತೆ. ಅಪ್ಪ ಫುಟ್‌ಬೋರ್ಡಿನ ಮೇಲೆ ಅರ್ಧ ಹೊರಗೆ ಬಾಗಿ, ಮಳೆ ಮುಖಕ್ಕೆ ಹೊಡೆಯುತ್ತಿದ್ದರೂ 'ಉಡುಪಿ, ಕಟಪಾಡಿ, ಕಾಪೂ' ಎಂದು ಕೂಗುತ್ತಿದ್ದರು. ಒಬ್ಬ ಅಜ್ಜಿಯನ್ನು ಕೈಹಿಡಿದು ಹತ್ತಿಸಿದರು. 'ರೈಟ್, ಪೋಯಿ' ಎಂದರು. ಬಸ್ಸು ಹೋಯಿತು. ಆವಾಗ ನನಗೆ ಅವರ ಮೇಲೆ ಎಷ್ಟು ಸಿಟ್ಟಿತ್ತೆಂದರೆ, ಅವರ ಸ್ವರ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಹೋಗಿ ಹೇಳಿಬಿಡಬೇಕು, ಇವತ್ತೇ ಹೇಳಬೇಕು, ಎಲ್ಲರೆದುರು ಹೇಳಬೇಕು ಎಂದುಕೊಂಡೇ ಮನೆಗೆ ಬಂದೆ.

ದಾರಿಯಲ್ಲಿ ಬಾಯಮ್ಮನ ಅಂಗಡಿಗೆ ಹೋಗಿ, ಆ ಫೋನಿನ ವಿಷಯ ಯಾರಿಗೂ, ಮುಖ್ಯವಾಗಿ ಅಪ್ಪನಿಗೆ ಹೇಳಬೇಡಿ, ನಾನೇ ಹೇಳುತ್ತೇನೆ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. 'ಬೆಂಗಳೂರಿನ ಕೆಲಸ ಆಗ್ಲಿಲ್ವಾ ಸುಜಾ?' ಎಂದು ಮೆಲ್ಲಗೆ ಕೇಳಿದರು. ನಾನು ತಲೆ ಅಲ್ಲಾಡಿಸಿದೆ. ಅವರ ಕೈಯ ಹೂವಿನ ನಾರು ಕೆಳಗೆ ಬಿತ್ತು. 'ದೇವಾ, ನಾನು ಎಂತ ಮಾಡಿದೆ' ಎಂದು ಸ್ಟೂಲಿನ ಮೇಲೆ ಕೂತುಬಿಟ್ಟರು. ಸಮಾಧಾನ ಮಾಡುವ ಶಕ್ತಿ ನನ್ನಲ್ಲಿರಲಿಲ್ಲ. ಊರಿಗೆಲ್ಲ ಸುದ್ದಿ ಹಂಚುವ ಆ ಹೆಂಗಸು ಈ ಒಂದನ್ನು ಯಾರಿಗೂ ಹೇಳಲಿಲ್ಲ. ನನಗೆ ಅವರ ಬಗ್ಗೆ ಎಷ್ಟು ಕಡಿಮೆ ಗೊತ್ತಿತ್ತು ಎಂದು ಆಮೇಲೆ ನಾಚಿಕೆಯಾಯಿತು.

ಆ ಸಂಜೆ ಊಟಕ್ಕೆ ಕೂತಾಗ ಹೇಳುವುದಕ್ಕೆ ಬಾಯಿ ತೆರೆದೆ. ಅಪ್ಪನೇ ಮೊದಲು ಮಾತಾಡಿದರು. 'ಮಣಿಪಾಲದವರು ಎಂತದೂ ತಿಳಿಸ್ಲಿಲ್ವಾ ಮಗಳೇ?'

'ಇಲ್ಲ' ಎಂದೆ.

'ಹಾಳಾಗಿ ಹೋಗ್ಲಿ ಬಿಡು' ಎಂದು ಗಂಜಿಗೆ ಉಪ್ಪಿನಕಾಯಿ ಕಲಸಿದರು. ಮತ್ತೆ ತಮಗೇ ಹೇಳಿಕೊಳ್ಳುವ ಹಾಗೆ ಅಂದರು. 'ನಮ್ಮ ಲೈನಲ್ಲೇ ಇತ್ತು. ದಿನಾ ನಾನೇ ಇಳಿಸ್ತಿದ್ದೆ.'

ಆ ಮಾತಿನಿಂದ ನನ್ನ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಹೇಳಿದರೆ ಇವರು ಉಳಿಯುವುದಿಲ್ಲ ಎಂದು ಮಾತ್ರ ಗೊತ್ತಾಯಿತು. ಪ್ರಾಣ ಹೋಗುತ್ತದೆ ಎಂದಲ್ಲ. ಫುಟ್‌ಬೋರ್ಡಿನಲ್ಲಿ ನಿಂತು ಕೂಗುವ ಆ ಮನುಷ್ಯ ಉಳಿಯುವುದಿಲ್ಲ. ಬಟ್ಟಲಿನಲ್ಲಿದ್ದ ಗಂಜಿಯನ್ನು ನುಂಗಿದೆ, ಜೊತೆಗೆ ಮಾತನ್ನೂ.

ಆಟಿ ಕಳೆಯಿತು. ಜನ ಕೇಳತೊಡಗಿದರು, ಮಗಳು ಹೊರಟಳಾ ಎಂದು. ಅಪ್ಪ ಇನ್ನೊಂದು ಸುಳ್ಳು ಹೇಳಬೇಕಾಯಿತು, ಆ ಕಂಪನಿ ಮುಚ್ಚಿತಂತೆ ಎಂದು. ಪೇಪರಿನಲ್ಲಿ ದಿನಾ ಅದೇ ಸುದ್ದಿ, ಎಲ್ಲರೂ ನಂಬಿದರು. ಪಾಪ ಎಂದರು. ಆಮೇಲೆ ಯಾರೂ ಕೇಳಲಿಲ್ಲ. ಕೇಳದಿರುವುದು ಕೇಳುವುದಕ್ಕಿಂತ ಕೆಟ್ಟದ್ದು ಎಂದು ನಮಗಿಬ್ಬರಿಗೂ ಆಗ ತಿಳಿಯಿತು. ನಾನು ಇನ್ನೂ ಆರು ಇಂಟರ್‌ವ್ಯೂಗೆ ಹೋದೆ, ಆರೂ ಕಡೆ ತಿಳಿಸುತ್ತೇವೆ ಎಂದರು. ಕೊನೆಗೆ ಕಟಪಾಡಿಯ ಹತ್ತಿರದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಟೀಚರ್ ಆದೆ. ಈಗಲೂ ಅದೇ. ಮಕ್ಕಳಿಗೆ ಪೇಂಟ್‌ಬ್ರಷ್ಷಿನಲ್ಲಿ ಮನೆ, ತೆಂಗಿನಮರ ಬಿಡಿಸಲು ಕಲಿಸುತ್ತೇನೆ. ಸಾಫ್ಟ್‌ವೇರ್ ಇಂಜಿನಿಯರ್ ನಾನು ಆಗಲೇ ಇಲ್ಲ.

ಆ ವರ್ಷ ಒಂದು ವಿಚಿತ್ರ ನಡೆಯಿತು. ದೀಪಾವಳಿಯ ಹೊತ್ತಿಗೆ ಅಪ್ಪ ಮನೆಗೆ ಫೋನ್ ಹಾಕಿಸಿದರು. ಕರೆಯುವ ಕಂಪನಿಗಳೆಲ್ಲ ಮುಗಿದ ಮೇಲೆ ಯಾಕಪ್ಪ ಇದು ಎಂದರೆ, 'ಇರ್ಲಿ, ಮನೆಯಲ್ಲಿ ಒಂದು ಬೇಕು' ಎಂದರು ಅಷ್ಟೆ. ಅದು ತಿಂಗಳಿಗೆ ನಾಲ್ಕು ಸಲ ಬಡಿದುಕೊಂಡರೆ ಹೆಚ್ಚು. ಬಡಿದುಕೊಂಡಾಗೆಲ್ಲ ಅಪ್ಪ ಎಲ್ಲಿದ್ದರೂ ಓಡಿ ಬರುತ್ತಿದ್ದರು. ಎತ್ತುತ್ತಿರಲಿಲ್ಲ. 'ನೀನೇ ಎತ್ತು, ನೀನೇ ಮಾತಾಡು' ಎಂದು ನನಗೆ ಹೇಳಿ ಬಾಗಿಲಲ್ಲಿ ನಿಲ್ಲುತ್ತಿದ್ದರು. ನಾನದನ್ನು ಹಳ್ಳಿಗಾಡಿನ ಹೆದರಿಕೆ ಎಂದು ತಮಾಷೆ ಮಾಡುತ್ತಿದ್ದೆ.

ಏಳು ವರ್ಷ ಕಳೆದು ಅಪ್ಪ ಹೃದಯಾಘಾತದಲ್ಲಿ ಹೋದರು. ಉತ್ತರಕ್ರಿಯೆಗೆ, ನಮ್ಮಲ್ಲಿ ಬೊಜ್ಜ ಎನ್ನುತ್ತೇವೆ, ಲೈನಿನವರೆಲ್ಲ ಬಂದಿದ್ದರು. ಊಟ ಮುಗಿದು ಜನ ಚದುರುವಾಗ ನನ್ನ ಪ್ರಾಯದ ಒಬ್ಬಳು ಹತ್ತಿರ ಬಂದು ಕೂತಳು. ನನಗೆ ಗುರುತಿಲ್ಲ. ಹಿರಿಯಡ್ಕದವಳು, ಹೆಸರು ವಿನಯಾ ಎಂದಳು. ಕೆಲಸ ಸಿಕ್ಕಿದ ಮೇಲೆಯೇ ಈ ಲೈನಿಗೆ ಬಂದು, ದಿನಾ ಬೆಳಿಗ್ಗೆ ಅಪ್ಪನ ಬಸ್ಸಿನಲ್ಲಿ ಮಣಿಪಾಲಕ್ಕೆ ಹೋಗುವವಳಂತೆ.

'ಶೀನಣ್ಣ ನನಗೆ ಅಪ್ಪನ ಹಾಗೆ ಇದ್ರು' ಎಂದಳು. 'ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದಿನ ಕೇಳಿದ್ರು, ಎಲ್ಲಿ ಕೆಲಸ, ಹೇಗೆ ಸಿಕ್ಕಿತು ಅಂತ. ನನ್ನ ಅದೃಷ್ಟ ಶೀನಣ್ಣ ಅಂದೆ. ಕಾಪುವಿನ ಒಂದು ಹುಡುಗಿಗೆ ಆದದ್ದಂತೆ, ಅವಳಿಗೆ ಬೆಂಗಳೂರಿನಲ್ಲಿ ಆಯ್ತು, ಆಟಿ ಕಳೆದು ಹೋಗ್ತಾಳೆ ಅಂತ ಫೋನಿನಲ್ಲಿ ಹೇಳಿದ್ರಂತೆ, ಹಾಗಾಗಿ ನನ್ನನ್ನು ಕರೆದದ್ದು ಅಂದೆ. ಪರ್ಕಳದಲ್ಲಿ ಜನ ಹತ್ತಿಯಾಗಿತ್ತು, ಇವರು ವಿಸಿಲೇ ಹಾಕ್ಲಿಲ್ಲ. ಬಸ್ಸು ನಿಂತೇ ಇತ್ತು. ಎಂತ ಶೀನಾ, ನಿದ್ದೆಯಾ ಅಂತ ಡ್ರೈವರ್ ಎರಡು ಸಲ ಕೂಗಿದ್ರು.'

ನಾನು ಬಾಳೆಲೆಯ ತುದಿ ಹರಿಯುತ್ತಾ ಕೂತಿದ್ದೆ. ಅವಳು ಮುಂದುವರಿಸಿದಳು.

'ಮಾರನೆ ದಿನದಿಂದ ಬಸ್ಸನ್ನು ನಮ್ಮ ಆಫೀಸಿನ ಎದುರೇ ನಿಲ್ಲಿಸ್ಲಿಕ್ಕೆ ಶುರು ಮಾಡಿದ್ರು. ಅಲ್ಲಿ ಸ್ಟಾಪ್ ಇಲ್ಲ. ಇಳಿಯುವಾಗ ಹೇಳ್ತಿದ್ರು, ಕೆಲಸ ಬಿಡ್ಬೇಡ ಆಯ್ತಾ, ಎಂತ ಆದ್ರೂ ಬಿಡ್ಬೇಡ ಅಂತ. ನನ್ನ ಮದುವೆಗೆ ಬಂದಾಗಲೂ ಅದನ್ನೇ ಹೇಳಿದ್ದು.'

'ಬಿಟ್ಟಿರಾ?' ಎಂದು ಕೇಳಿದೆ.

'ಇಲ್ಲಪ್ಪ. ಅಲ್ಲೇ ಇದ್ದೇನೆ' ಎಂದು ನಕ್ಕಳು. ನಾನೇ ಆ ಕಾಪುವಿನ ಹುಡುಗಿ ಎಂದು ಅವಳಿಗೆ ಗೊತ್ತಿರಲಿಲ್ಲ. ಹೇಳುವುದಕ್ಕೆ ನನ್ನಿಂದ ಆಗಲಿಲ್ಲ. ನಾಲ್ಕು ಗಂಟೆಯ ಬಸ್ಸಿಗೆ ಅವಳನ್ನು ರಸ್ತೆಯವರೆಗೆ ಬಿಟ್ಟು ಬಂದೆ.

ಅಮ್ಮ ಒಳಗೆ ಫೋನಿನ ಪಕ್ಕದ ಮಣೆಯ ಮೇಲೆ ಕೂತಿದ್ದಳು. 'ಯಾರದು, ಹಿರಿಯಡ್ಕದ ಹುಡುಗಿಯಾ?' ಎಂದಳು.

'ನಿನಗೆ ಹೇಗೆ ಗೊತ್ತು?'

ಅಮ್ಮ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿದಳು, ಬೀಡಿ ಸುತ್ತಿದ ಹಾಗೆ. 'ಅವರು ಹೇಳ್ತಿದ್ರು' ಎಂದಳು. 'ದಿನಾ ಹೇಳ್ತಿದ್ರು, ಇವತ್ತೂ ಬಂದಿದ್ಳು ಅಂತ. ನಿನಗೆ ಮಾತ್ರ ಹೇಳ್ಬಾರ್ದು ಅಂತ ನನ್ನ ಹತ್ತಿರ ಆಣೆ ಹಾಕಿಸಿದ್ರು. ನಿನಗೆ ಗೊತ್ತಾದ್ರೆ ಮತ್ತೆ ನೀನು ಅವರ ಮುಖ ನೋಡ್ಲಿಕ್ಕಿಲ್ಲ ಅಂತ ಹೆದರಿಕೆ.'

ಅವರಿಗಿಂತ ಮೊದಲೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಏಳು ವರ್ಷ ದಿನಾ ಅವರ ಮುಖ ನೋಡಿಕೊಂಡೇ ಗಂಜಿ ಉಂಡಿದ್ದೆ. ಅಷ್ಟನ್ನು ಅವರಿಗೆ ಹೇಳಬಹುದಿತ್ತು.